ಮಾರಿದ ಗಾಡಿ, ಗುಜರಿಗೆ ಹೋದ ಪೆಟ್ಟಿಗೆ: ಈಗಲೂ ನಿಮ್ಮ ಹೊಟ್ಟೆ ಉರಿಯುವುದು ಯಾವುದಕ್ಕೆ?

ದೇವಿಮನೆ ತಿರುವು | ಶಿರಸಿ | ಶುಕ್ರವಾರ ರಾತ್ರಿ 10:12

ಮಳೆ ಜೋರು, ಕರೆಂಟಿಲ್ಲ, ನಿದ್ದೆಯೂ ಇಲ್ಲ. ಸುಮ್ನೆ ಕೂತವನು ಎಂಪರಿವಾಹನ್ ಆ್ಯಪ್ ತೆಗೆದು ನನ್ನ ಹಳೆ ಮಾರುತಿ ಜಿಪ್ಸಿ ಜೀಪಿನ ನಂಬರ್ ಹೊಡೆದೆ. ಮಾರಿದ್ದು 2009ರಲ್ಲಿ. ಆದರೂ ಕೆಎ-31ರಿಂದ ಕೊನೆಯ ಅಂಕಿಯ ತನಕ ಬೆರಳು ತಾನಾಗಿಯೇ ಒತ್ತಿತು.

ಬಂತು. ಪೆಟ್ರೋಲ್, 1298 ಸಿಸಿ, ನೋಂದಣಿ 1997. ಮಾಲೀಕರ ಹೆಸರಿನ ಜಾಗದಲ್ಲಿ ಒಂದೆರಡು ಅಕ್ಷರ, ಉಳಿದದ್ದೆಲ್ಲ ನಕ್ಷತ್ರ. ಆರ್‌ಸಿ ಅವಧಿ 2017ಕ್ಕೆ ಮುಗಿದಿದೆ. ಲೆಕ್ಕ ಹಾಕಿದೆ. 15 ವರ್ಷಕ್ಕೆ 2012. ಆಗ ಯಾರೋ ಪುಣ್ಯಾತ್ಮ ಫಿಟ್ನೆಸ್ ಮಾಡಿಸಿ ಐದು ವರ್ಷ ಮುಂದೆ ತಳ್ಳಿದ್ದಾನೆ. ಆಮೇಲೆ ಯಾರೂ ತಿರುಗಿ ನೋಡಿಲ್ಲ. ಎಲ್ಲೋ ಒಂದು ಹಿತ್ತಲಿನಲ್ಲಿ ನಿಂತಿದೆ, ಇಲ್ಲವೇ ತುಂಡಾಗಿ ಹೋಗಿದೆ.

ನಾನು ಮಾರಿದ್ದು ಅಡಿಕೆಗೆ ಕೊಳೆರೋಗ ಬಂದು ತೋಟ ಖಾಲಿಯಾದ ವರ್ಷ. 1 ಲಕ್ಷದ 10 ಸಾವಿರಕ್ಕೆ ಕೊಟ್ಟೆ. ದುಡ್ಡು ಬೇಕಿತ್ತು, ಕೊಟ್ಟೆ, ಅದರಲ್ಲಿ ತಪ್ಪಿಲ್ಲ. ನನ್ನ ಹೊಟ್ಟೆ ಉರಿಯುವುದು ಜಿಪ್ಸಿಗಿಂತ ಅದರ ಡ್ಯಾಶ್‌ಬೋರ್ಡಿನ ಮೇಲಿದ್ದ ಹಾಲ್ಡಾ ಮೀಟರಿಗೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಓಡಿದ ದೂರ ಅಳೆಯುವ ಸ್ವೀಡನ್ನಿನ ಮಾಲು. ಸ್ಪೀಡೋಮೀಟರಿನ ಕೇಬಲ್ಲಿನಿಂದಲೇ ತಿರುಗುತ್ತದೆ. ಎರಡು ಕಿಟಕಿ, ಎರಡರಲ್ಲೂ ಉರುಳುವ ಅಂಕಿಗಳು. ಒಂದು ಒಟ್ಟು ದೂರಕ್ಕೆ, ಇನ್ನೊಂದು ಪ್ರತಿ ತಿರುವಿನಲ್ಲಿ ಸೊನ್ನೆ ಮಾಡಿಕೊಳ್ಳಲಿಕ್ಕೆ. ಟೈರಿನ ಅಳತೆ ಬದಲಾದರೆ ಒಳಗಿನ ಪುಟ್ಟ ಹಲ್ಲುಚಕ್ರ ಬದಲಿಸಿ ಹೊಂದಿಸಬೇಕು.

ನಾವು ಆಡುತ್ತಿದ್ದದ್ದು ಟಿಎಸ್‌ಡಿ, ಅಂದರೆ ಟೈಮ್-ಸ್ಪೀಡ್-ಡಿಸ್ಟೆನ್ಸ್ ರ್‍ಯಾಲಿ. ಅದರಲ್ಲಿ ಜೋರಾಗಿ ಓಡಿಸಿದವನು ಗೆಲ್ಲುವುದಿಲ್ಲ, ಹೇಳಿದ ಹೊತ್ತಿಗೆ ಸರಿಯಾಗಿ ಬಂದವನು ಗೆಲ್ಲುತ್ತಾನೆ. ತಡವಾದರೂ ದಂಡ, ಬೇಗ ಬಂದರೂ ದಂಡ. ದಾರಿಯ ವಿವರ ಬರೆದ ರೋಡ್‌ಬುಕ್ಕಿನಲ್ಲಿ ಸರಾಸರಿ ವೇಗ ಗಂಟೆಗೆ 36 ಕಿಲೋಮೀಟರ್ ಅಂತ ಕೊಟ್ಟರೆ ಒಂದು ಕಿಲೋಮೀಟರಿಗೆ 100 ಸೆಕೆಂಡ್. ಪಕ್ಕದ ಸೀಟಿನಲ್ಲಿ ನಮ್ಮ ಭಾವ. ತೊಡೆ ಮೇಲೆ ರೋಡ್‌ಬುಕ್ಕು, ಬಾಯಲ್ಲಿ ಕವಳ, ಕಣ್ಣು ಹಾಲ್ಡಾದ ಮೇಲೆ. "ನಾಲ್ಕು ಸೆಕೆಂಡ್ ಮುಂದಿದ್ದೆ ಮಾರಾಯ, ಕಾಲು ತೆಗಿ." ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣು ರಸ್ತೆಗಳಲ್ಲಿ ಈ ಒಂದು ಮಾತು ಎಷ್ಟು ಸಲ ಕೇಳಿದ್ದೇನೋ.

ಕೊಳ್ಳಲು ಬಂದವರು ಧಾರವಾಡ ಕಡೆಯವರು. ಹಾಲ್ಡಾ ನೋಡಿ, "ಇದ್ಯಾಕೆ ಎರಡೆರಡು ಮೀಟರ್, ಒಂದು ಕೆಟ್ಟಿದೆಯಾ?" ಎಂದರು. ಆಗಲೇ ಬಿಚ್ಚಿಕೊಳ್ಳಬೇಕಿತ್ತು. ನಾಲ್ಕು ಬೋಲ್ಟು. ಹತ್ತು ನಂಬರ್ ಸ್ಪ್ಯಾನರ್ ನನ್ನ ಜೇಬಿನಲ್ಲೇ ಇತ್ತು. ವ್ಯವಹಾರ ಮುಗಿದು ಚಾ ಕುಡಿದಾದ ಮೇಲೆ ಗಾಡಿಯಿಂದ ಸಾಮಾನು ಬಿಚ್ಚುವುದು ಹೇಗೆ ಅಂತ ನಾಚಿಕೆಯಾಯಿತು. ಹಲ್ಲುಚಕ್ರಗಳ ಪೊಟ್ಟಣ ಮಾತ್ರ ಮನೆಯಲ್ಲೇ ಉಳಿಯಿತು. ಈಗಲೂ ಕಪಾಟಿನಲ್ಲಿದೆ. ಮೀಟರ್ ಇಲ್ಲ, ಅದರ ಹಲ್ಲು ಇದೆ.

ನಿಮ್ಮದು ಹೇಳಿ.


ಅಂಕೋಲಾ 2ಟಿ | ಶುಕ್ರವಾರ ರಾತ್ರಿ 10:40

ಅಣ್ಣಾ, ಆ ಸ್ಪ್ಯಾನರ್ ವಿಷಯ ಓದಿ ನನಗೇ ಕೈ ತುರಿಸಿತು.

ನಮ್ಮದು ಯಮಹಾ ಆರ್‌ಎಕ್ಸ್ 100 ಬೈಕು. ನನ್ನದಲ್ಲ, ದೊಡ್ಡಪ್ಪನ ಮಗನದ್ದು. 98 ಸಿಸಿ, 11 ಬಿಎಚ್‌ಪಿ, ನೂರು ಕಿಲೋ ಆಸುಪಾಸು. ಮಳೆಗಾಲ ಕಳೆದು ಗದ್ದೆ ಒಣಗಿದ ಮೇಲೆ ಊರ ಹುಡುಗರು ಸೇರಿ ಮಣ್ಣಿನಲ್ಲಿ ಸುತ್ತು ಹೊಡೆಯುತ್ತಿದ್ದರಲ್ಲ, ಅದರಲ್ಲಿ ಅಣ್ಣನಿಗೆ ಎರಡು ಸಲ ಕಪ್ ಬಂದಿತ್ತು. ಕಪ್ ಈಗ ದೇವರ ಕೋಣೆಯಲ್ಲಿ ಊದುಬತ್ತಿ ಸಿಕ್ಕಿಸಲಿಕ್ಕೆ ಇದೆ. ಬೈಕನ್ನು 2008ರಲ್ಲಿ 18 ಸಾವಿರಕ್ಕೆ ಕೊಟ್ಟ. ಹೊಸ ಬೈಕಿಗೆ ಡೌನ್ ಪೇಮೆಂಟ್ ಬೇಕಿತ್ತು. ಈಗ ಒಳ್ಳೆ ಆರ್‌ಎಕ್ಸಿಗೆ ಲಕ್ಷದ ಮೇಲೆ ಹೇಳುತ್ತಾರೆ.

ಕತೆ ಇಷ್ಟಕ್ಕೆ ಮುಗಿಯಲಿಲ್ಲ. ಕೊಂಡವರು ಆರ್‌ಸಿಯಲ್ಲಿ ಹೆಸರು ಬದಲಿಸಿಕೊಂಡಿರಲೇ ಇಲ್ಲ. ಎಷ್ಟೋ ವರ್ಷದ ಮೇಲೆ ಅಣ್ಣನಿಗೆ ಹುಬ್ಬಳ್ಳಿಯಿಂದ ಚಲನ್ ಬಂತು. ಹೆಲ್ಮೆಟ್ ಇಲ್ಲ, 500 ರೂಪಾಯಿ. ಜೊತೆಗೆ ಸಿಗ್ನಲ್ ಕ್ಯಾಮೆರಾದ ಫೋಟೋ. ಅಣ್ಣ ಮೊದಲು ಬೈದ. ಆಮೇಲೆ ಫೋಟೋ ದೊಡ್ಡದು ಮಾಡಿ ನೋಡಿದ. ಟ್ಯಾಂಕಿಗೆ ಚೆರ್ರಿ ಕೆಂಪು ಬಣ್ಣ ಹೊಡೆಸಿದ್ದಾರೆ, ಕ್ರೋಮ್ ಮಡ್‌ಗಾರ್ಡ್ ಹೊಳೆಯುತ್ತಿದೆ, ಸೈಲೆನ್ಸರ್ ಕೂಡ ಕಂಪನಿಯದ್ದೇ ಇದ್ದ ಹಾಗಿದೆ. ದಂಡ ಕಟ್ಟಿದ, ಫೋಟೋ ಸೇವ್ ಮಾಡಿಕೊಂಡ. ವಾಟ್ಸ್ಆ್ಯಪ್ ಡಿಪಿ ಈಗ ಅದೇ.


ಗ್ಯಾರೇಜ್ ಮಾಮ | ಕುಮಟಾ | ಶುಕ್ರವಾರ ರಾತ್ರಿ 11:05

ತಮ್ಮಾ, ನಗುವ ವಿಷಯ ಅಲ್ಲ ಅದು. ಚಲನ್ ಬಂದದ್ದಕ್ಕೆ ಬಚಾವ್. ಆ ಬೈಕು ಯಾರಿಗಾದರೂ ಗುದ್ದಿದ್ದರೆ ಕೋರ್ಟಿಗೆ ಅಲೆಯುವವನು ನಿಮ್ಮ ಅಣ್ಣನೇ. ಮಾರುವಾಗ ಫಾರ್ಮ್ 29, ಫಾರ್ಮ್ 30 ಎರಡಕ್ಕೂ ಸಹಿ ಹಾಕಿಸಿ, ಕೊಂಡವರ ಆಧಾರ್ ಝೆರಾಕ್ಸ್ ಇಟ್ಟುಕೊಂಡು, ಆರ್‌ಟಿಒದಲ್ಲಿ ಹೆಸರು ಬದಲಾಗುವ ತನಕ ಬೆನ್ನು ಬಿಡಬಾರದು. ಬೇರೆ ರಾಜ್ಯಕ್ಕೆ ಹೋಗುವುದಾದರೆ ಫಾರ್ಮ್ 28, ಎನ್‌ಒಸಿ. ನಲವತ್ತು ವರ್ಷದಿಂದ ಇದೇ ಹೇಳುತ್ತಿದ್ದೇನೆ, ಯಾರೂ ಕೇಳುವುದಿಲ್ಲ.

ಉಳಿದದ್ದು ನಾಳೆ ಬರೆಯುತ್ತೇನೆ. ಕಣ್ಣು ಉರಿ.


ಎರಡು ಸೈಲೆನ್ಸರ್ | ಸಿದ್ದಾಪುರ | ಶನಿವಾರ ಬೆಳಿಗ್ಗೆ 6:20

ಯೆಜ್ಡಿ ರೋಡ್‌ಕಿಂಗ್, 1982. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬೈಕು. ನಾನು ಆಗ ಹೊಸ ಮೇಷ್ಟ್ರು, ಶಾಲೆ ಘಟ್ಟದ ಕೆಳಗೆ. ಕಿಕ್ ಹೊಡೆದ ಲಿವರನ್ನೇ ಒಳಗೆ ಒತ್ತಿ ತಿರುಗಿಸಿದರೆ ಅದೇ ಗೇರ್ ಲಿವರ್ ಆಗುವುದು, ಮಕ್ಕಳು ಸಾಲಾಗಿ ನಿಂತು ನೋಡುತ್ತಿದ್ದರು. ಹೆಡ್‌ಮಾಸ್ಟರು ಬರುವುದು ಗೊತ್ತಾಗದಿದ್ದರೂ ನಾನು ಬರುವುದು ಎರಡು ತಿರುವು ಮೊದಲೇ ಎಲ್ಲರಿಗೂ ಗೊತ್ತಾಗುತ್ತಿತ್ತು.

1994ರಲ್ಲಿ ಮಾರಿದೆ. ಕಾರಣ ಪೆಟ್ರೋಲು. ಪಕ್ಕದ ಮನೆಯವರು ಹೀರೋ ಹೋಂಡಾ ಸಿಡಿ 100 ತಂದು ಲೀಟರಿಗೆ 80 ಬರುತ್ತದೆ ಅಂತ ದಿನಾ ಹೇಳಿ ನನ್ನ ಸಂಸಾರದಲ್ಲಿ ಹುಳಿ ಹಿಂಡಿದರು. ಎರಡು ವರ್ಷ ಕಳೆದು 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಆಗ ಅನ್ನಿಸಿತ್ತು, ನಾನು ಸರಿಯಾದ ಹೊತ್ತಿಗೆ ಮಾರಿದೆ, ಇನ್ನು ಬಿಡಿಭಾಗವೂ ಸಿಗುವುದಿಲ್ಲ ಅಂತ. ಬುದ್ಧಿವಂತ ಅಂದುಕೊಂಡಿದ್ದೆ ನನ್ನನ್ನು.

ಈಗ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಅಂತ ಊರೂರಿನಲ್ಲಿ ಮೆರವಣಿಗೆ ಹೋಗುತ್ತಾರೆ. ಶಿರಸಿಯಲ್ಲಿ ಒಮ್ಮೆ ರಸ್ತೆ ಬದಿ ನಿಂತು ನೋಡಿದೆ. ಆ ಹೊಗೆಯ ವಾಸನೆಗೆ ಕಣ್ಣಲ್ಲಿ ನೀರು ಬಂತು. ಹೊಗೆಗೇ ಬಂದದ್ದು ಅಂತ ಮನೆಯವಳಿಗೆ ಹೇಳಿದೆ.


ಬೆಂಗ್ಳೂರು ವಲಸೆ | ಮೂಲ ಹಳಿಯಾಳ | ಶನಿವಾರ ಬೆಳಿಗ್ಗೆ 9:15

ಬೈಯ್ದರೂ ಪರವಾಗಿಲ್ಲ, ಎದುರು ಮಾತು ಒಂದು ಹೇಳುತ್ತೇನೆ. ನಿಮ್ಮ ಕಡೆಯಿಂದ ಗಾಡಿ ಕೊಂಡವರಲ್ಲಿ ನಾನೂ ಒಬ್ಬ. ಇಲ್ಲಿ ನನ್ನ ಶೆಡ್ಡಿನಲ್ಲಿ ಒಂದು ರಾಜದೂತ್ 350 ಬೈಕು ಇದೆ. ಕಾರವಾರದ ಹತ್ತಿರದ ಮನೆಯ ಕೊಟ್ಟಿಗೆಯಿಂದ ತಂದದ್ದು. ಲೋ ಟಾರ್ಕ್ ಮಾದರಿ, 27 ಬಿಎಚ್‌ಪಿಯದ್ದು. 30.5ರ ಹೈ ಟಾರ್ಕ್ ಬೇಕು ಅಂತ ಆಸೆ ಇತ್ತು, ನಮ್ಮ ಕೈಗೆ ಎಟಕುವುದಿಲ್ಲ ಬಿಡಿ. ತಂದಾಗ ಎರಡೂ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಕೂತಿದ್ದವು. ಟ್ಯಾಂಕಿನ ತಳ ಜರಡಿ. ಕ್ರ್ಯಾಂಕಿನ ಬೇರಿಂಗಿನಿಂದ ಕೆಂಪು ಪುಡಿ ಉದುರಿತು. ಒಂದೂವರೆ ವರ್ಷ ಹಿಡಿಯಿತು ಎಬ್ಬಿಸಲಿಕ್ಕೆ.

ಈಗ ಅದರ ಹಳೆ ಮಾಲೀಕರು ಫೋನ್ ಮಾಡಿದಾಗಲೆಲ್ಲ "ಕೊಟ್ಟು ತಪ್ಪು ಮಾಡಿದೆ" ಅನ್ನುತ್ತಾರೆ. ಅವರು ಕೊಡದೆ ಇದ್ದಿದ್ದರೆ ಇನ್ನೆರಡು ಮಳೆಗಾಲದಲ್ಲಿ ಅದು ಗೊಬ್ಬರ ಆಗುತ್ತಿತ್ತು. ಉಪ್ಪುಗಾಳಿಯ ಕರಾವಳಿಯವರು ಮಾರಿದ್ದಕ್ಕೆ ಬೇಜಾರು ಮಾಡಿಕೊಳ್ಳುವುದು ನನಗೆ ಅರ್ಥವಾಗುವುದಿಲ್ಲ. ಮಾರಿದ್ದಕ್ಕೇ ಅಲ್ವಾ ಗಾಡಿ ಉಳಿದದ್ದು?


ಅಂಕೋಲಾ 2ಟಿ | ಶನಿವಾರ ಬೆಳಿಗ್ಗೆ 9:31

ಹಾಗಾದರೆ ವಾಪಸ್ ಕೊಡಿ, ಅವರು ಒಣಗಿದ ಜಾಗದಲ್ಲಿ ಇಟ್ಟುಕೊಳ್ಳಲಿ 😀


ಬೆಂಗ್ಳೂರು ವಲಸೆ | ಶನಿವಾರ ಬೆಳಿಗ್ಗೆ 9:33

ಅದೊಂದು ಬಿಟ್ಟು ಬೇರೆ ಏನು ಬೇಕಾದರೂ ಕೇಳು.


ಕಾಳಿ ದಂಡೆ | ಕಾರವಾರ | ಶನಿವಾರ ಮಧ್ಯಾಹ್ನ 1:48

ನನ್ನ ಹತ್ತಿರ ಗಾಡಿ ಯಾವತ್ತೂ ಇರಲಿಲ್ಲ. ಕಾಗದ ಮತ್ತು ಕ್ಯಾಸೆಟ್ ಇದ್ದವು.

ಗಲ್ಫಿನಲ್ಲಿದ್ದ ಮಾವ ಟಿವಿಯಲ್ಲಿ ಬಂದ ರೇಸ್ ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ಅದರಲ್ಲಿ ಒಂದು ಇಂಗ್ಲೆಂಡಿನ ಡಾನಿಂಗ್‌ಟನ್‌ನಲ್ಲಿ ನಡೆದ 1993ರ ಫಾರ್ಮುಲಾ ಒನ್ ರೇಸ್. ರೇಸ್ ನೋಡುವವರಿಗೆ ಹೇಳಬೇಕಾಗಿಲ್ಲ. ಮಳೆಯಲ್ಲಿ ನಾಲ್ಕನೇ ಜಾಗದಿಂದ ಹೊರಟ ಸೆನ್ನಾ ಮೊದಲು ಐದಕ್ಕೆ ಜಾರಿದ. ಆಮೇಲೆ ಶುಮಾಕರ್, ವೆಂಡ್ಲಿಂಗರ್, ಹಿಲ್, ಪ್ರಾಸ್ಟ್, ಒಬ್ಬೊಬ್ಬರನ್ನೇ ದಾಟಿ ಮೊದಲ ಲ್ಯಾಪ್ ಮುಗಿಯುವುದರೊಳಗೆ ಮುಂದೆ ಬಂದ. ಆ ಒಂದು ಲ್ಯಾಪನ್ನು ನಾನು ನೂರು ಸಲ ನೋಡಿರಬಹುದು. ರಿವೈಂಡ್ ಮಾಡಿ ಮಾಡಿ ಆ ಜಾಗದಲ್ಲಿ ಟೇಪು ಸವೆದು ಗೆರೆ ಬೀಳುತ್ತಿತ್ತು.

ಅಕ್ಕನ ಮದುವೆ. ವಿಡಿಯೋದವರು ಕಾಪಿ ಹಾಕಿಕೊಡಲಿಕ್ಕೆ ಖಾಲಿ ಕ್ಯಾಸೆಟ್ ಕೇಳಿದರು. ನಾನು ಮನೆಯಲ್ಲಿ ಇರಲಿಲ್ಲ. ಮನೆಯವರು ಶೋಕೇಸಿನಿಂದ ಒಂದು ತೆಗೆದು ಕೊಟ್ಟರು. ಯಾರೂ ಅಳಿಸಬಾರದು ಅಂತಲೇ ಹಿಂದಿನ ಪ್ಲಾಸ್ಟಿಕ್ ಚಿಪ್ಪು ಮುರಿದಿಟ್ಟಿದ್ದೆ. ಅದು ಮುರಿದರೆ ರೆಕಾರ್ಡ್ ಆಗುವುದಿಲ್ಲ. ವಿಡಿಯೋದವರಿಗೆ ಅದೆಲ್ಲ ಲೆಕ್ಕವೇ ಅಲ್ಲ, ಆ ತೂತಿಗೆ ಒಂದು ತುಂಡು ಸೆಲ್ಲೋಟೇಪ್ ಅಂಟಿಸಿ ಮದುವೆ ತುಂಬಿದರು.

ಕ್ಯಾಸೆಟ್ ಈಗಲೂ ಇದೆ. ಅರಿಶಿನ, ಧಾರೆ, ಊಟ. ಅಕ್ಕ ಅಳುತ್ತಾ ಕಾರು ಹತ್ತುತ್ತಾಳೆ, ಪರದೆ ಒಂದು ಕ್ಷಣ ನೀಲಿ, ಆಮೇಲೆ ಧಡ್ ಅಂತ ಇಂಜಿನ್ ಸದ್ದು. ಕೊನೆಯ ಲ್ಯಾಪ್ ಮತ್ತು ಪೋಡಿಯಂ ಮಾತ್ರ ಉಳಿದಿದೆ. ಎರಡನೆಯವನು ಹಿಲ್, ಮೂರನೆಯವನು ಪ್ರಾಸ್ಟ್, ಪ್ರಾಸ್ಟ್ ಒಂದು ಲ್ಯಾಪ್ ಹಿಂದೆ. ಭಾವ ಪ್ರತಿ ಸಲ ಮನೆಗೆ ಬಂದಾಗಲೂ ಅದೇ ತಮಾಷೆ: "ನನ್ನ ಮದುವೆಯಲ್ಲಿ ಗೆದ್ದವನು ಸೆನ್ನಾ ಒಬ್ಬನೇ."

ಈಗ ಯೂಟ್ಯೂಬಿನಲ್ಲಿ ಆ ಲ್ಯಾಪ್ ಸಿಗುತ್ತದೆ, ಗೊತ್ತು. ಸವೆದ ಗೆರೆ ಇಲ್ಲ ಅದರಲ್ಲಿ.

ಕಾಗದದ್ದು ಇನ್ನೊಂದು ಕತೆ. ನಮ್ಮ ದೇಶದ ರೇಸರ್ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್‌ನ ಜೋರ್ಡಾನ್ ತಂಡದ ಕಾರು ಹತ್ತಿದಾಗಿನಿಂದ ಪೇಪರ್ ಕತ್ತರಿಸಿ ಅಂಟಿಸಿದ್ದೆ. ಆರೇ ಕಾರು ಓಡಿದ ಆ ಅಮೆರಿಕದ ರೇಸಿನಲ್ಲಿ ನಾಲ್ಕನೆಯವನಾಗಿ ಬಂದ ಮರುದಿನದ ಪತ್ರಿಕೆಗಳೂ ಇದ್ದವು. 2011ರ ಅಕ್ಟೋಬರಿನಲ್ಲಿ ಗ್ರೇಟರ್ ನೋಯ್ಡಾಕ್ಕೆ ಹೋಗಿ ಮೊದಲ ಇಂಡಿಯನ್ ಗ್ರ್ಯಾನ್ ಪ್ರೀ ನೋಡಿದ ಟಿಕೆಟ್, ಕೊರಳಿಗೆ ಹಾಕುವ ಪಟ್ಟಿ ಸಮೇತ. ಮೂರೇ ವರ್ಷ ನಡೆಯಿತು ಅದು, ಮೂರೂ ಸಲ ವೆಟೆಲ್ ಗೆದ್ದ. ಕೋಡಿಬಾಗದಿಂದ ಮನೆ ಬದಲಿಸುವಾಗ ಪೆಟ್ಟಿಗೆ ಕೆಳಗಿಟ್ಟೆವು. ಒಂದು ಮಳೆಗಾಲ ಮರೆತೆವು. ತೆಗೆದಾಗ ಮೇಲಿನದಕ್ಕೆ ಬೂಸಲು, ಕೆಳಗಿನದಕ್ಕೆ ಗೆದ್ದಲು. ಟಿಕೆಟ್ ಇದ್ದ ಕವರ್ ಇತ್ತು, ಒಳಗೆ ಮಣ್ಣು ಇತ್ತು. ಗುಜರಿಯವರಿಗೆ ಕೊಟ್ಟರೆ ತೂಕಕ್ಕೂ ಬರಲಿಲ್ಲ.


ಗ್ಯಾರೇಜ್ ಮಾಮ | ಕುಮಟಾ | ಶನಿವಾರ ಸಂಜೆ 7:10

ಹಳಿಯಾಳದ ತಮ್ಮ ಹೇಳಿದ್ದು ಅರ್ಧ ಸರಿ. ಅರ್ಧ ಯಾಕೆ ಅಂದರೆ ಗಾಡಿ ಸಾಯುವುದು ಉಪ್ಪುಗಾಳಿಗಿಂತ ಹೆಚ್ಚಾಗಿ ನಮ್ಮ ಪ್ರೀತಿಯಿಂದ. ಪ್ರೀತಿ ಜಾಸ್ತಿಯಾಗಿ ಟಾರ್ಪಲ್ ಹೊದೆಸುತ್ತಾರೆ. ಅದೇ ಮೊದಲ ತಪ್ಪು. ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ ನಮ್ಮದು. ನೆಲದ ಪಸೆ ಮೇಲೆ ಏರುತ್ತದೆ, ಟಾರ್ಪಲ್ ತಡೆಯುತ್ತದೆ, ಗಾಡಿ ಒಳಗೇ ಬೆವರುತ್ತದೆ. ಹೊರಗೆ ಮಳೆಯಲ್ಲಿ ನಿಂತ ಗಾಡಿಗಿಂತ ಟಾರ್ಪಲ್ ಒಳಗಿನ ಗಾಡಿ ಬೇಗ ತುಕ್ಕು ಹಿಡಿದದ್ದು ನಾನೇ ನೋಡಿದ್ದೇನೆ. ಮೇಲೆ ಮಾಡು ಬೇಕು, ಸುತ್ತ ಗಾಳಿ ಬೇಕು, ಕೆಳಗೆ ಕಲ್ಲಿಟ್ಟು ನಾಲ್ಕೂ ಚಕ್ರ ಎತ್ತಿ ನಿಲ್ಲಿಸಬೇಕು. ಅಡಿಕೆ ಚಪ್ಪರದ ಹಾಗೆ ಇದ್ದರೆ ಸಾಕು.

ಎರಡನೆಯದು ಬಾಗಿಲ ತಳ. ಪ್ರತಿ ಬಾಗಿಲಿನ ಕೆಳಗೆ ನೀರು ಇಳಿಯಲಿಕ್ಕೆ ತೂತು ಇರುತ್ತದೆ. ಗಾಜಿನ ಸಂದಿಯಿಂದ ಇಳಿದ ನೀರು ಅಲ್ಲಿಂದ ಹೋಗಬೇಕು. ಧೂಳು, ತರಗೆಲೆ ಸೇರಿ ಆ ತೂತು ಕಟ್ಟಿಕೊಳ್ಳುತ್ತದೆ. ಆಮೇಲೆ ಬಾಗಿಲು ಬಕೆಟ್ ಆಗುತ್ತದೆ. ಮಳೆಗಾಲಕ್ಕೆ ಮೊದಲು ಒಂದು ತೆಂಗಿನ ಕಡ್ಡಿ ತೂರಿಸಿ ನೋಡಿ, ಇಷ್ಟೇ ಕೆಲಸ.

ಎರಡು ಸ್ಟ್ರೋಕಿನ ಬೈಕಾದರೆ ಟ್ಯಾಂಕು ಮತ್ತು ಕಾರ್ಬುರೇಟರಿನ ತಳದ ಬಟ್ಟಲು ಖಾಲಿ ಮಾಡಿ ನಿಲ್ಲಿಸಿ. ಪೆಟ್ರೋಲ್ ನಿಂತು ನಿಂತು ಗೋಂದಾಗುತ್ತದೆ. ಕ್ರ್ಯಾಂಕಿಗೆ ಎಣ್ಣೆ ಸಿಗುವುದು ಇಂಜಿನ್ ಓಡಿದಾಗ ಮಾತ್ರ. ಸುಮ್ನೆ ನಿಂತರೆ ಬೇರಿಂಗ್ ಹೋಯಿತು. ಪ್ಲಗ್ ಬಿಚ್ಚಿ ಎರಡು ಚಮಚ ಎಣ್ಣೆ ಬಿಟ್ಟು, ತಿಂಗಳಿಗೊಮ್ಮೆ ಕೈಯಲ್ಲೇ ಕಿಕ್ ಒತ್ತಿ ತಿರುಗಿಸಿ.

ದೋಣಿಗೆ ಗೇರೆಣ್ಣೆ ಹಚ್ಚುತ್ತಾರಲ್ಲ, ಅದನ್ನೇ ಒಮ್ಮೆ ಜೀಪಿನ ಚಾಸಿಗೆ ಹಚ್ಚಿ ನೋಡಿದೆ. ತುಕ್ಕು ಹಿಡಿಯಲಿಲ್ಲ, ನಿಜ. ನನ್ನ ಎರಡೂ ಕೈ ಬೊಬ್ಬೆ ಬಂದು ಹದಿನೈದು ದಿನ ಹೆಂಡತಿ ಊಟ ಮಾಡಿಸಿದಳು. ಆ ಪ್ರಯೋಗ ಬೇಡ.


ಹೊನ್ನಾವರ ಪದ್ಮಿನಿ | ಶನಿವಾರ ರಾತ್ರಿ 9:02

ಮಾಮ, ನೀವು ಬರೆದದ್ದೆಲ್ಲ ನನಗೇ ಬೈಯ್ದ ಹಾಗಿದೆ. ನಾನು ಮಾರಿಲ್ಲ. ಇಟ್ಟುಕೊಂಡೆ. ಟಾರ್ಪಲ್ ಹೊದೆಸಿ ಇಟ್ಟುಕೊಂಡೆ.

ಅಪ್ಪನ ಪ್ರೀಮಿಯರ್ ಪದ್ಮಿನಿ ಕಾರು, ಹಳೆ ಫಿಯೆಟ್ಟೇ ಅದು, 1978. ಅಪ್ಪ ಹೋಗಿ ಎಂಟು ವರ್ಷ. ಅವರು ಚಿಕ್ಕ ವಯಸ್ಸಿನಲ್ಲಿ ಮದ್ರಾಸಿನಲ್ಲಿ ಕೆಲಸಕ್ಕಿದ್ದರು. ಭಾನುವಾರ ಶೋಲಾವರಂ ಏರ್‌ಸ್ಟ್ರಿಪ್‌ಗೆ ರೇಸ್ ನೋಡಲು ಹೋಗುತ್ತಿದ್ದರಂತೆ. ಅಲ್ಲಿ ಫಿಯೆಟ್ 1100 ಓಡುವುದು ನೋಡಿ ಹುಚ್ಚು ಹಿಡಿಯಿತು. 1991ರಲ್ಲಿ ಮುಂಬೈಗೆ ಹೋಗಿ ಇದನ್ನು ತಂದರು. ಪಾರ್ಸಿ ಡಾಕ್ಟರ್ ಒಬ್ಬರದ್ದು, ಒಬ್ಬರ ಕೈಯಲ್ಲೇ ಇದ್ದದ್ದು, ಕ್ಲಿನಿಕ್ಕಿಗೆ ಮಾತ್ರ ಓಡಿದ್ದು ಅಂತ ನಮಗೆಲ್ಲ ಹೇಳುತ್ತಿದ್ದರು. 1089 ಸಿಸಿ, ಸ್ಟಿಯರಿಂಗ್ ಪಕ್ಕದಲ್ಲೇ ಗೇರ್. ನಾನು ಡ್ರೈವಿಂಗ್ ಕಲಿತದ್ದು ಇದರಲ್ಲಿ, ಶರಾವತಿ ಸೇತುವೆಯ ಮೇಲೆ ಎರಡನೇ ಗೇರಿನಲ್ಲಿ, ಹಿಂದೆ ಲಾರಿಗಳ ಹಾರ್ನ್ ಕೇಳುತ್ತಾ.

ಅಪ್ಪ ಹೋದ ಮೇಲೆ ಮೂರು ಜನ ಕೇಳಿ ಬಂದರು. ಒಬ್ಬರು ಒಳ್ಳೆ ರೇಟನ್ನೇ ಹೇಳಿದ್ದರು. ಅಪ್ಪನ ಗಾಡಿ, ಕೊಡುವುದಿಲ್ಲ ಅಂದೆ. ಇವತ್ತು ಈ ಚರ್ಚೆ ಓದಿ ಟಾರ್ಪಲ್ ಎತ್ತಿದೆ. ಮುಂದಿನ ಬಾಗಿಲ ತಳ ಕೈಯಲ್ಲೇ ಮುರಿದು ಬಂತು, ಹಪ್ಪಳದ ಹಾಗೆ. ಡ್ರೈವರ್ ಸೀಟಿನ ಕೆಳಗೆ ನೆಲ ಕಾಣುತ್ತದೆ. ಟಪ್ಪಿನ, ಅಂದರೆ ಕಾರಿನ ಮಾಡಿನ, ಮೇಲೆ ಬಿಳಿ ಬಣ್ಣ ಎದ್ದು ಚಕ್ಕೆ ಚಕ್ಕೆ ಬಿದ್ದಿದೆ.

ಮಾರಿದವರು ಬೇಜಾರು ಮಾಡಿಕೊಳ್ಳುತ್ತಿದ್ದೀರಿ. ಮಾರದೆ ಕೊಂದವಳು ಏನು ಮಾಡಬೇಕು?

ಇನ್ನೊಂದು ಕೇಳಬೇಕಿತ್ತು. ಚಕ್ಕೆ ಎದ್ದ ಕಡೆ ಒಳಗೆ ಹಳದಿ ಕಾಣುತ್ತಿದೆ. ಅದು ಪ್ರೈಮರಾ?


ಗ್ಯಾರೇಜ್ ಮಾಮ | ಶನಿವಾರ ರಾತ್ರಿ 9:20

ತಂಗೀ, ಹಳದಿ ಟಪ್ಪಿನ ಮೇಲೆ ಮಾತ್ರವಾ? ಬಾನೆಟ್ ಮೇಲೆ, ಬಾಗಿಲ ಮೇಲೆ ಚಕ್ಕೆ ಎಬ್ಬಿಸಿ ನೋಡು. ಅಲ್ಲಿ ಯಾವ ಬಣ್ಣ?


ಹೊನ್ನಾವರ ಪದ್ಮಿನಿ | ಶನಿವಾರ ರಾತ್ರಿ 9:41

ಟಾರ್ಚ್ ಹಿಡಿದು ನೋಡಿ ಬಂದೆ. ಬಾಗಿಲಲ್ಲಿ ಬಿಳಿಯ ಕೆಳಗೆ ಕಪ್ಪು. ಬಾನೆಟ್ಟಿನಲ್ಲೂ ಕಪ್ಪು. ಟಪ್ಪಿಗೆ ಮಾತ್ರ ಹಳದಿ.


ಅಂಕೋಲಾ 2ಟಿ | ಶನಿವಾರ ರಾತ್ರಿ 9:42

ಅಯ್ಯೋ ಅಕ್ಕಾ 😂😂


ಗ್ಯಾರೇಜ್ ಮಾಮ | ಶನಿವಾರ ರಾತ್ರಿ 9:50

ಎಡಗಡೆ, ಮುಂದಿನ ಗಾಜಿನ ಹತ್ತಿರ ಮಡ್‌ಗಾರ್ಡಿನ ಮೇಲೆ ಬೆರಳಾಡಿಸು. ಪುಟ್ಟಿ ತುಂಬಿದ ತೂತು ಸಿಗುತ್ತದಾ ನೋಡು. ಕಪ್ಪು ಮೈ, ಹಳದಿ ಟಪ್ಪಿನ ಮುಂಬೈ ಟ್ಯಾಕ್ಸಿಗೆ ಮೀಟರ್ ಹೊರಗೆ ಕೂರಿಸುತ್ತಿದ್ದರು.


ಹೊನ್ನಾವರ ಪದ್ಮಿನಿ | ಶನಿವಾರ ರಾತ್ರಿ 10:15

ನಾಲ್ಕು ತೂತು. ಒಂದರಲ್ಲಿ ಪುಟ್ಟಿ ಉದುರಿದೆ.

ಆರ್‌ಸಿ ಪುಸ್ತಕವೂ ತೆಗೆದೆ. ಹಾಳೆಗಳು ತೇವಕ್ಕೆ ಅಂಟಿಕೊಂಡಿವೆ. ಒಂದನ್ನು ನಿಧಾನ ಬಿಡಿಸಿದೆ. ಇಂಗ್ಲಿಷಿನಲ್ಲಿ ಮೋಟಾರ್ ಕ್ಯಾಬ್ ಅಂತ ಬರೆದು ಅಡ್ಡ ಗೆರೆ ಎಳೆದು ಸೀಲ್ ಹಾಕಿದ್ದಾರೆ.

ಅಮ್ಮನನ್ನು ಎಬ್ಬಿಸಿ ಕೇಳಿದೆ. ಅಮ್ಮ ನಕ್ಕುಬಿಟ್ಟರು. ಅವರಿಗೆ ಮೊದಲಿಂದಲೂ ಗೊತ್ತಿತ್ತಂತೆ. ಟ್ಯಾಕ್ಸಿ ಕೊಂಡು ತಂದ ಅಂತ ಅಜ್ಜ ಬೈಯುತ್ತಾರೆ ಎಂದು ಅಪ್ಪ ಮುಂಬೈಯಲ್ಲೇ ಬಣ್ಣ ಹೊಡೆಸಿ, ಡಾಕ್ಟರ್ ಕತೆ ಕಟ್ಟಿಕೊಂಡು ಊರಿಗೆ ಬಂದಿದ್ದರು. ಅಜ್ಜ ಹೋದ ಮೇಲೂ ಯಾಕೆ ಹೇಳಲಿಲ್ಲ ಅಂದೆ. "ಅಷ್ಟರಲ್ಲಿ ಅವರಿಗೇ ಅದು ನಿಜ ಅಂತ ಆಗಿಹೋಗಿತ್ತು" ಅಂದರು.


ಎರಡು ಸೈಲೆನ್ಸರ್ | ಭಾನುವಾರ ಬೆಳಿಗ್ಗೆ 6:05

ಈ ಚರ್ಚೆಯಲ್ಲಿ ಇಷ್ಟು ನಗುತ್ತೇನೆ ಅಂದುಕೊಂಡಿರಲಿಲ್ಲ. ಪದ್ಮಿನಿ ಅಕ್ಕ, ನಿಮ್ಮಪ್ಪ ದೊಡ್ಡ ಮನುಷ್ಯ.


ಬೆಂಗ್ಳೂರು ವಲಸೆ | ಭಾನುವಾರ ಬೆಳಿಗ್ಗೆ 10:30

ಅಕ್ಕಾ, ನಾನು ನಿನ್ನೆ ಬರೆದ ಮಾತು ಸ್ವಲ್ಪ ಒರಟಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಕೆಲಸಕ್ಕೆ ಬರುವ ವಿಷಯ ಒಂದು. 50 ವರ್ಷ ದಾಟಿದ ಗಾಡಿಗೆ 2021ರಿಂದ ಬೇರೆ ನಿಯಮ ಇದೆ. ನಂಬರಿನಲ್ಲಿ ವಿಎ ಅಂತ ಬರುತ್ತದೆ. ಹೊಸ ನೋಂದಣಿಗೆ 20 ಸಾವಿರ ಶುಲ್ಕ, 10 ವರ್ಷಕ್ಕೆ. ದಿನಾ ಓಡಿಸುವಂತಿಲ್ಲ, ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದಕ್ಕೆ ಮಾತ್ರ. ನಿಮ್ಮದು 1978 ಆದರೆ 2028ಕ್ಕೆ ಅರ್ಹ. ಗಾಡಿ ಮೂಲದಲ್ಲಿ ಹೇಗಿತ್ತೋ ಹಾಗೇ ಇರಬೇಕು, ಜಾಸ್ತಿ ಬದಲಿಸಿರಬಾರದು. ಅಲ್ಲಿಯ ತನಕ ಇನ್ನಷ್ಟು ಕರಗದ ಹಾಗೆ ನೋಡಿಕೊಂಡರೆ ಸಾಕು.

ಮತ್ತೆ ಜಿಪ್ಸಿ ಅಣ್ಣ, ಧಾರವಾಡ ಕಡೆ ನನ್ನ ಗೆಳೆಯರಿದ್ದಾರೆ. ನಂಬರ್ ನನಗೆ ಖಾಸಗಿಯಾಗಿ ಕಳಿಸಿ. ಇಲ್ಲಿ ಹಾಕಬೇಡಿ.


ದೇವಿಮನೆ ತಿರುವು | ಭಾನುವಾರ ಮಧ್ಯಾಹ್ನ 12:10

ಕಳಿಸಿದ್ದೇನೆ. ಜಿಪ್ಸಿ ಸಿಕ್ಕದಿದ್ದರೂ ಪರವಾಗಿಲ್ಲ, ಡ್ಯಾಶ್‌ಬೋರ್ಡ್ ಎಲ್ಲಾದರೂ ಬಿದ್ದಿದೆಯಾ ಅಷ್ಟು ಕೇಳಿಸಿ. ಭಾವನಿಗೆ ಈಗ ಎಪ್ಪತ್ತಮೂರು. ಬೆಳಿಗ್ಗೆ ಫೋನಿನಲ್ಲಿ ಈ ಚರ್ಚೆ ಓದಿ ಹೇಳಿದೆ. ಸ್ಪ್ಯಾನರ್ ವಿಷಯ ಇವತ್ತೇ ಮೊದಲ ಸಲ ಅವರಿಗೆ ಗೊತ್ತಾದದ್ದು. ಐದು ನಿಮಿಷ ಬೈದರು. ಇಡುವಾಗ "ಚಕ್ರದ ಪೊಟ್ಟಣಕ್ಕೆ ಎಣ್ಣೆ ಹಾಕಿಟ್ಟಿದ್ದೀಯೋ ಇಲ್ಲವೋ?" ಎಂದು ಕೇಳಿದರು. ಇಲ್ಲ. ಈಗ ಹಾಕಿದೆ.


ಹೊನ್ನಾವರ ಪದ್ಮಿನಿ | ಭಾನುವಾರ ಸಂಜೆ 5:25

ಟಾರ್ಪಲ್ ತೆಗೆದು ಬಿಸಾಡಿದೆ. ಇವತ್ತು ಸ್ವಲ್ಪ ಬಿಸಿಲು ಬಿತ್ತು, ನಾಲ್ಕೂ ಬಾಗಿಲು ತೆರೆದಿಟ್ಟೆ. ಅಮ್ಮ ಕುರ್ಚಿ ತಂದು ಪಕ್ಕದಲ್ಲಿ ಕೂತರು.

ಮಾಮ, ಬಾಗಿಲ ತಳಕ್ಕೆ ಮತ್ತು ಫ್ಲೋರಿಗೆ ಶೀಟ್ ಸಿಗುತ್ತದಾ? ಬಣ್ಣ ಹೊಡೆಸುವುದಾದರೆ ಟಪ್ಪಿಗೆ ಹಳದಿಯನ್ನೇ ಹೊಡೆಸುತ್ತೇನೆ.


ಗ್ಯಾರೇಜ್ ಮಾಮ | ಭಾನುವಾರ ಸಂಜೆ 6:40

ಫಿಯೆಟ್ಟಿನ ರೆಡಿ ತುಂಡು ಸಿಗುವುದು ಕಷ್ಟ. ಶೀಟ್ ತಂದು ಬಡಿದು ಮಾಡಬೇಕು, ನಮ್ಮ ಹುಡುಗ ಮಾಡುತ್ತಾನೆ. ಬಾಗಿಲ ತಳದ ಉದ್ದ, ಅಗಲ ಟೇಪಿನಲ್ಲಿ ಅಳೆದು ಬರೆದಿಡು. ಮುರಿದು ಬಂದ ತುಂಡು ಬಿಸಾಡಬೇಡ, ಅದರ ಬಾಗು ನೋಡಿಯೇ ಬಡಿಯಬೇಕು. ಫ್ಲೋರ್ ನಾನೇ ಬಂದು ನೋಡುತ್ತೇನೆ, ಬುಧವಾರ ಮಳೆ ಕಡಿಮೆ ಇದ್ದರೆ.

ಹಳದಿ ಹೊಡೆಸುವ ಮೊದಲು ಆರ್‌ಸಿಯಲ್ಲಿ ಬಣ್ಣ ಬದಲಾವಣೆ ಬರೆಸಬೇಕು. ಮತ್ತೆ ಆ ನಾಲ್ಕು ತೂತಿಗೆ ಪುಟ್ಟಿ ಹಾಕಿಸಬೇಡ.